ಗಾಳಿ ಸೆನ್ಸರ್ ಕೊಳ್ಳುವ ಮೊದಲು ವಾಲ್ವ್ ನೋಡಿ

ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿ–ಚೆಂಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ನಮ್ಮ ಕಾರುಗಳ ಓಟದ ರೀತಿಯೇ ಬದಲಾಗಿದೆ. ಟಯರಿನ ಗಾಳಿ ಇಳಿದರೆ ಎಚ್ಚರಿಸುವ ಸೆನ್ಸರ್ ಬೇಕೆನಿಸುವುದು ಸಹಜ. ಆದರೆ ಅದನ್ನು ಹೊರುವ ವಾಲ್ವನ್ನು, ಅಂದರೆ ಗಾಳಿ ತುಂಬುವ ಕೊಳವೆಯನ್ನು, ಯಾರೂ ನೋಡುವುದಿಲ್ಲ.

ಮೊದಲು ಬೆರಳಿನಿಂದ ವಾಲ್ವನ್ನು ಒತ್ತಿ. ಬಾಗಿದರೆ ಅದು ರಬ್ಬರಿನದು. ವಾಲ್ವಿನ ಮುಚ್ಚಳದ ಜಾಗದಲ್ಲಿ, ಹೊರಗೆ ಕೂರುವ ಹತ್ತು ಗ್ರಾಂ ಸೆನ್ಸರ್ ಕೈಯಲ್ಲಿ ಹಗುರವೆನಿಸುತ್ತದೆ. ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವಾಗ ಅದೇ ಸೆನ್ಸರ್ ಸುಮಾರು ಒಂದೂವರೆ ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ರಬ್ಬರು ಬಾಗಿ ಬಾಗಿ ಬುಡದಲ್ಲಿ ಬಿರಿಯುತ್ತದೆ. ವಾಲ್ವ್ ಉದ್ದವಿದ್ದಷ್ಟೂ ಅಪಾಯ ಹೆಚ್ಚು. ಬಿರುಕು ರಿಮ್ಮಿನ ತೂತಿನ ಅಂಚಿನಲ್ಲಿ ಅಡಗಿರುವುದರಿಂದ ವಾಲ್ವನ್ನು ಬಾಗಿಸಿ ಹಿಡಿದರೆ ಮಾತ್ರ ಕಾಣುತ್ತದೆ. ಆದ್ದರಿಂದ ಹೊರ ಸೆನ್ಸರಿಗೆ ನಟ್ಟು ಬಿಗಿದು ನಿಲ್ಲಿಸುವ ಗಿಡ್ಡ ಲೋಹದ ವಾಲ್ವನ್ನೇ ಹಾಕಿಸಿ. ಹೆಚ್ಚಿನ ಕಾರುಗಳ ರಿಮ್ಮಿನ ತೂತು 11.5 ಮಿ.ಮೀ.; ಆದರೂ ಅಳೆದು ನೋಡಿ. ಸೆನ್ಸರ್ ರಿಮ್ಮಿನ ಅಂಚಿನಿಂದ ಹೊರಗೆ ಚಾಚಿದರೆ ಗೇಟಿನ ಕೆಂಪುಕಲ್ಲಿನ ಕಂಬಕ್ಕೆ ತಾಗಿ ಮುರಿದೀತು.

ಟಯರಿನ ಒಳಗಿರುವ ಸೆನ್ಸರಾದರೆ ಅದಕ್ಕೆಂದೇ ಮಾಡಿದ ವಾಲ್ವ್ ಬೇಕು, ರಬ್ಬರಿನದಾಗಲಿ ಲೋಹದ್ದಾಗಲಿ.

ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಕಡಲ ಬದಿಯ ಊರುಗಳಲ್ಲಿ ಯಾವ ಲೋಹ ಎಂಬುದೇ ದೊಡ್ಡ ಪ್ರಶ್ನೆ. ಅಲ್ಯೂಮಿನಿಯಂ ವಾಲ್ವಿನೊಳಗೆ ಗಾಳಿ ತಡೆಯುವ ಪಿನ್ ಬರಿಯ ಹಿತ್ತಾಳೆಯದಾಗಿದ್ದರೆ, ಉಪ್ಪುಗಾಳಿಯೂ ಆಟಿ ತಿಂಗಳ ಮಳೆಯೂ ಸೇರಿ ಅಲ್ಯೂಮಿನಿಯಂ ಸವೆಯುತ್ತದೆ, ಬಿಳಿ ಹುಡಿ ಏಳುತ್ತದೆ, ಪಿನ್ ಕಚ್ಚಿಕೊಳ್ಳುತ್ತದೆ. ಬಲವಂತವಾಗಿ ತಿರುಗಿಸಿದರೆ ವಾಲ್ವೇ ತುಂಡಾಗುತ್ತದೆ. ಅಂಗಡಿಯಲ್ಲಿ ನಿಕ್ಕಲ್ ಲೇಪಿಸಿದ, ಬೆಳ್ಳಿ ಬಣ್ಣದ ಪಿನ್ ಕೇಳಿ. ಒಳ ಸೆನ್ಸರಾದರೆ ವಾಲ್ವಿನ ಮುಚ್ಚಳ ಪ್ಲಾಸ್ಟಿಕ್ಕಿನದಿರಲಿ. ಹೊರ ಸೆನ್ಸರಿನ ಒಳಗಿನ ಥ್ರೆಡ್ (ತಿರುಪಿನ ಸುತ್ತು) ಹಿತ್ತಾಳೆಯದಾಗಿದ್ದರೆ ವಾಲ್ವೂ ಹಿತ್ತಾಳೆಯದಾಗಿರುವುದು ಒಳ್ಳೆಯದು. ತಿಂಗಳಿಗೊಮ್ಮೆ ಸೆನ್ಸರ್ ಬಿಚ್ಚಿ ಥ್ರೆಡ್ ಒರೆಸಿ. ಮಾಡದಿದ್ದರೆ ಗಾಳಿ ಹಾಕಿಸುವ ದಿನ ಅದು ಬಿಡುವುದೇ ಇಲ್ಲ.

ವಾಲ್ವ್ ಬದಲಿಸಲು ಟಯರಿನ ಅಂಚನ್ನು ರಿಮ್ಮಿನಿಂದ ಬಿಡಿಸಬೇಕು. ಹಾಗಾಗಿ ಹೊಸ ಟಯರ್ ಹಾಕಿಸುವ ದಿನ ಅನುಕೂಲ. ಹಳೆಯ ರಬ್ಬರ್ ವಾಷರನ್ನು ಮತ್ತೆ ಹಾಕಲು ಒಪ್ಪಬೇಡಿ. ನಟ್ಟನ್ನು ತಯಾರಕರು ಹೇಳಿದಷ್ಟೇ ಬಿಗಿಸಬೇಕು; ಅತಿಯಾದರೆ ವಾಷರ್ ಹರಿಯುತ್ತದೆ. ಬುಡಕ್ಕೆ ಸಾಬೂನು ನೀರು ಹಾಕಿ ಗುಳ್ಳೆ ನೋಡಿ, ಆಮೇಲೆ ವೀಲ್ ಬ್ಯಾಲೆನ್ಸ್ ಮಾಡಿಸಿ. ಮರುದಿನ ಬೆಳಿಗ್ಗೆ, ಕಾರು ಹೊರಡುವ ಮೊದಲು, ಸೆನ್ಸರ್ ತೋರಿಸುವ ಅಂಕಿಯನ್ನು ಗೇಜಿನೊಂದಿಗೆ ಹೋಲಿಸಿ.

ಸ್ಟೆಪ್ನಿಯ ವಾಲ್ವನ್ನೂ ಅದೇ ದಿನ ಬದಲಿಸಿಕೊಳ್ಳಿ. ದಾರಿಯಲ್ಲಿ ಪಂಕ್ಚರ್ ಆದಾಗ ಹೊರ ಸೆನ್ಸರ್ ಹೋಗಿ ಕೂರುವುದು ಅದರ ಮೇಲೆಯೇ.