ಚೆಂಡಿಗಾಗಿ ಕಾಯುವುದು: ಟೋನಿ ಗ್ವಿನ್ ಅವರ ಆಟವನ್ನು ನೋಡಿ ನಾನು ಬ್ಯಾಟಿಂಗ್ ಕಲಿತ ಬಗೆ

ಭದ್ರಾವತಿಯ ಮೈದಾನಗಳಲ್ಲಿ ಹದಿನೈದು ವರ್ಷ ಕ್ರಿಕೆಟ್ ಆಡಿದ್ದ ನಾನು, ಸ್ಯಾನ್ ಡಿಯಾಗೊದಲ್ಲಿ ವಾರಾಂತ್ಯದ ಹವ್ಯಾಸಿ ಬೇಸ್‌ಬಾಲ್ ತಂಡವೊಂದನ್ನು ಸೇರಿದಾಗ, ಚೆಂಡಿಗೆ ಬ್ಯಾಟು ತಾಗಿಸುವುದು ಕಷ್ಟವಾಗಲಾರದು ಎಂದೇ ನಂಬಿದ್ದೆ. ಮೊದಲ ನಾಲ್ಕು ಪಂದ್ಯಗಳಲ್ಲಿ ಒಂಬತ್ತು ಸಲ ಸ್ಟ್ರೈಕ್‌ಔಟ್ ಆದೆ, ಅಂದರೆ ಹೊಡೆಯಲು ಸಿಕ್ಕ ಮೂರು ಅವಕಾಶಗಳನ್ನೂ ಕಳೆದುಕೊಂಡು ಔಟಾದೆ. ನಾನು ಎಡಗೈ ಬ್ಯಾಟರ್. ನನ್ನ ಕೈಗೆ ಒಗ್ಗಿದ್ದ ಹೊಡೆತ ಲೇಟ್ ಕಟ್. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರಿನ ಹುಡುಗರಿಗೆ ಆ ಹೊಡೆತದ ಮೇಲೆ ಮಮತೆ ಹೆಚ್ಚು. ಆದರೆ ಬೇಸ್‌ಬಾಲ್‌ನಲ್ಲಿ ಎರಡು ಫೌಲ್ ಗೆರೆಗಳ ನಡುವಿನ ತೊಂಬತ್ತು ಡಿಗ್ರಿಯೊಳಗೆ ಹೋದ ಚೆಂಡಿಗಷ್ಟೇ ಬೆಲೆಯಿದೆ. ಬೆನ್ನ ಹಿಂದಕ್ಕೆ ಎಷ್ಟೇ ನಾಜೂಕಾಗಿ ತಿರುಗಿಸಿದರೂ ಅದು ಫೌಲ್. ಈ ಊರಿನಲ್ಲಿದ್ದುಕೊಂಡು ಟೋನಿ ಗ್ವಿನ್ ಅವರನ್ನು ನೋಡದೆ ಎಡಗೈ ಬ್ಯಾಟಿಂಗ್ ಕಲಿಯುವುದು ಹೇಗೆ ಎಂದು ತಂಡದ ಹಿರಿಯ ಆಟಗಾರರೊಬ್ಬರು ಕೇಳಿದ್ದು ಆಗಲೇ. ನನ್ನ ಕಲಿಕೆ ಅಲ್ಲಿಂದ ಆರಂಭವಾಯಿತು.

ಗ್ವಿನ್ 1982ರಿಂದ 2001ರವರೆಗೆ ಇಪ್ಪತ್ತು ವರ್ಷವೂ ಸ್ಯಾನ್ ಡಿಯಾಗೊ ಪಾಡ್ರೆಸ್ ತಂಡವೊಂದಕ್ಕೇ ಆಡಿದವರು. 3,141 ಹಿಟ್‌ಗಳು, .338ರ ಸರಾಸರಿ, ಎಂಟು ಸಲ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಕಿರೀಟ (ಋತುವಿನ ಅತಿ ಹೆಚ್ಚು ಸರಾಸರಿಗೆ ಸಿಗುವ ಮನ್ನಣೆ). ಕ್ರಿಕೆಟ್ ಓದುಗರಿಗೆ ಒಂದು ವಿವರಣೆ ಅಗತ್ಯ: ಹಿಟ್ ಎಂದರೆ ಚೆಂಡನ್ನು ಹೊಡೆದು ಔಟಾಗದೆ ಬೇಸ್ ತಲುಪುವುದು; ಇಲ್ಲಿ ಸರಾಸರಿ ಎಂದರೆ ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಆಯಿತು ಎಂಬುದು, ಮತ್ತು ಮೂರರಲ್ಲಿ ಒಂದು ಸಲ ಗೆದ್ದವನನ್ನು ಮಹಾನ್ ಬ್ಯಾಟರ್ ಎನ್ನುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಅಂಕಿ. ಒಂಬತ್ತು ಸಾವಿರಕ್ಕೂ ಮೀರಿದ ಸರದಿಗಳಲ್ಲಿ ಅವರು ಸ್ಟ್ರೈಕ್‌ಔಟ್ ಆದದ್ದು 434 ಸಲ ಮಾತ್ರ. ಇಂದು ಎರಡು-ಮೂರು ಋತುಗಳಲ್ಲೇ ಅಷ್ಟು ಸಲ ಔಟಾಗುವ ಹೆಸರಾಂತ ಬ್ಯಾಟರ್‌ಗಳಿದ್ದಾರೆ.

ಅವರಿಂದ ನಾನು ಮೊದಲು ಎರವಲು ಪಡೆದದ್ದು ವಿಡಿಯೊ ನೋಡುವ ಅಭ್ಯಾಸವನ್ನು. 1983ರಲ್ಲಿ, ಮಣಿಕಟ್ಟಿನ ಗಾಯದಿಂದ ಮರಳಿದ ಮೇಲೆ ಹಿಟ್‌ಗಳು ಬಾರದೆ ಇದ್ದಾಗ, ತಂಡ ಪರಊರಿನಲ್ಲಿ ಆಡುತ್ತಿದ್ದ ಪಂದ್ಯಗಳನ್ನು ಮನೆಯ ಟಿವಿಯಿಂದ ರೆಕಾರ್ಡ್ ಮಾಡಿಡುವಂತೆ ಅವರು ಪತ್ನಿ ಅಲಿಷಿಯಾ ಅವರನ್ನು ಕೇಳಿಕೊಂಡರು. ಆ ಕ್ಯಾಸೆಟ್‌ಗಳಲ್ಲಿ ತಮ್ಮ ದೋಷವನ್ನು ತಾವೇ ಕಂಡುಕೊಂಡ ಗ್ವಿನ್, ಮುಂದೆ ಪ್ರವಾಸಕ್ಕೆಲ್ಲ ವಿಸಿಆರ್ ಹೊತ್ತೊಯ್ಯತೊಡಗಿದರು. ‘ಕ್ಯಾಪ್ಟನ್ ವಿಡಿಯೊ’ ಎಂಬ ಅಡ್ಡಹೆಸರು ಬಂದದ್ದು ಹಾಗೆ. ಒಳ್ಳೆಯ ಸರದಿಗಳನ್ನು ಬೇರೆ ಮಾಡಿ ಮತ್ತೆ ಮತ್ತೆ ನೋಡುತ್ತಿದ್ದರು. ನಾನು ಮಾಡಿದ್ದು ಇಷ್ಟೇ: ಬೇಲಿಗೆ ಫೋನ್ ಕಟ್ಟಿ ನನ್ನ ಪ್ರತಿ ಸರದಿಯನ್ನೂ ಚಿತ್ರೀಕರಿಸಿದೆ. ಮೂರನೆಯ ವಾರದಲ್ಲಿ ದೋಷ ಕಣ್ಣಿಗೆ ಬಿತ್ತು. ಚೆಂಡು ಅರ್ಧ ದಾರಿಯಲ್ಲಿರುವಾಗಲೇ ನನ್ನ ಬಲಭುಜ ಮೈದಾನದ ಬಲಬದಿಯ ಫಸ್ಟ್ ಬೇಸ್ ಕಡೆಗೆ ತೆರೆದುಕೊಳ್ಳುತ್ತಿತ್ತು, ಜೊತೆಗೆ ತಲೆಯೂ ತಿರುಗುತ್ತಿತ್ತು. ಕ್ರಿಕೆಟ್‌ನಲ್ಲಿ ಚೆಂಡು ಪುಟಿಯುವ ಜಾಗಕ್ಕೆ ಮುಂಗಾಲು ಚಾಚಿ ದೇಹದ ಭಾರವನ್ನೆಲ್ಲ ಅದರ ಮೇಲೆ ಹಾಕುವ ರೂಢಿಯೇ ಇದರ ಮೂಲವಾಗಿತ್ತು. ಪುಟಿಯದೆ ನೇರವಾಗಿ ಬರುವ ಚೆಂಡಿಗೆ ಹಾಗೆ ಮುನ್ನುಗ್ಗಿದರೆ, ಚೆಂಡೆಸೆಯುವ ಪಿಚರ್ ವೇಗವನ್ನು ತುಸು ತಗ್ಗಿಸಿದರೂ ಸಾಕು, ಬ್ಯಾಟು ಚೆಂಡಿಗಿಂತ ಮೊದಲೇ ಹಾದುಹೋಗುತ್ತದೆ.

ತಿದ್ದಿಕೊಳ್ಳಲು ಹಿಡಿದದ್ದು ಟೀ ಅಭ್ಯಾಸದ ದಾರಿ. ಸೊಂಟದೆತ್ತರದ ರಬ್ಬರ್ ಕೊಳವೆಯ ಮೇಲೆ ಚೆಂಡನ್ನಿಟ್ಟು ಬಲೆಗೆ ಹೊಡೆಯುವ ಈ ಅಭ್ಯಾಸವನ್ನು ಮಕ್ಕಳ ಪಾಠವೆಂದು ದೊಡ್ಡವರು ಬಿಟ್ಟುಬಿಡುತ್ತಾರೆ, ಆದರೆ ಗ್ವಿನ್ ಬಿಟ್ಟಿರಲಿಲ್ಲ. ಅವರ ಗುರಿ ‘ಐದೂವರೆಯ ಕಿಂಡಿ’. ಆಟದ ಅಂಕಿಪಟ್ಟಿಯಲ್ಲಿ ಥರ್ಡ್ ಬೇಸ್‌ನವನ ಸಂಖ್ಯೆ 5, ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನ ಸಂಖ್ಯೆ 6. ಇವರಿಬ್ಬರ ನಡುವಿನ ಸಂದಿಯೇ 5.5. ಅವರು ಅದನ್ನು ತಮ್ಮ ಶೂಗಳ ಮೇಲೂ ಬರೆದುಕೊಂಡಿದ್ದರು. ಎಡಗೈ ಬ್ಯಾಟರ್ ಆ ಸಂದಿಗೆ ಹೊಡೆಯಬೇಕಾದರೆ ಹೊರಅಂಚಿನ ಚೆಂಡನ್ನು ಪ್ಲೇಟಿನ (ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಸಿದ ಬಿಳಿ ಫಲಕ) ಹಿಂಭಾಗದವರೆಗೂ ಬರಗೊಟ್ಟು, ಆಮೇಲೆ ಬ್ಯಾಟು ಬೀಸಬೇಕು. ನಾನು ಟೀಯನ್ನು ಹೊರಗೆ ಮತ್ತು ಹಿಂದಕ್ಕೆ ಸರಿಸಿ, ಬಲೆಯ ಮೇಲೆ ಕೆಂಪು ದಾರದಿಂದ ಒಂದು ಚೌಕ ಕಟ್ಟಿ, ಪ್ರತಿ ಸಂಜೆ ಐವತ್ತು ಚೆಂಡುಗಳನ್ನು ಹೊಡೆದೆ. ನನ್ನ ಹಳೆಯ ಲೇಟ್ ಕಟ್ ಕೆಲಸಕ್ಕೆ ಬಂದದ್ದು ಇಲ್ಲಿ. ಚೆಂಡನ್ನು ಕಣ್ಣಿನ ಕೆಳಗೆ ಬರಗೊಡುವ ತಾಳ್ಮೆ ಅದರಿಂದಲೇ ನನ್ನಲ್ಲಿತ್ತು, ಕಲಿಯಬೇಕಾಗಿದ್ದದ್ದು ಬ್ಯಾಟಿನ ದಿಕ್ಕು ಮಾತ್ರ. ಉದ್ದನೆಯ ಬ್ಯಾಟನ್ನೂ ಬಿಟ್ಟು ಚಿಕ್ಕದಕ್ಕೆ ಬಂದೆ. ಗ್ವಿನ್ ಅವರದ್ದೂ ಲೀಗ್‌ನ ಅತಿ ಚಿಕ್ಕ ಬ್ಯಾಟುಗಳಲ್ಲಿ ಒಂದಾಗಿತ್ತು. ಎರಡನೆಯ ಋತುವಿನಲ್ಲಿ ನನ್ನ ಸ್ಟ್ರೈಕ್‌ಔಟ್‌ಗಳು ಅರ್ಧಕ್ಕಿಂತ ಕೆಳಗಿಳಿದವು.

ಕಾಯುವುದರ ಬೆಲೆ ಏನೆಂದು ತಿಳಿಯಲು ಪಿಚರ್ ಗ್ರೆಗ್ ಮ್ಯಾಡಕ್ಸ್ ವಿರುದ್ಧ ಗ್ವಿನ್ ಆಡಿದ್ದನ್ನು ನೋಡಬೇಕು. ಚೆಂಡಿನ ವೇಗವನ್ನು ಬದಲಿಸುತ್ತಾ ಬ್ಯಾಟರ್‌ಗಳ ಲಯ ಕೆಡಿಸುವುದರಲ್ಲಿ ಮ್ಯಾಡಕ್ಸ್ ಅವರನ್ನು ಮೀರಿಸಿದವರು ಆ ಕಾಲದಲ್ಲಿ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥವರ ಎದುರು ಗ್ವಿನ್ ಅವರ ಸರಾಸರಿ .415, ಒಂದು ಸಲವೂ ಸ್ಟ್ರೈಕ್‌ಔಟ್ ಆಗಲಿಲ್ಲ. 1994ರಲ್ಲಿ ಅವರು .394ರಲ್ಲಿದ್ದಾಗ, ಆಗಸ್ಟ್ 12ರಂದು ಆರಂಭವಾದ ಆಟಗಾರರ ಮುಷ್ಕರದಿಂದ ಋತುವೇ ನಿಂತುಹೋಯಿತು. 419 ಸರದಿಗಳಲ್ಲಿ 165 ಹಿಟ್‌ಗಳಾಗಿದ್ದವು. ಅಷ್ಟೇ ಸರದಿಗಳಲ್ಲಿ ಇನ್ನು ಮೂರು ಬಿದ್ದಿದ್ದರೆ, 1941ರಲ್ಲಿ ಬ್ಯಾಟರ್ ಟೆಡ್ ವಿಲಿಯಮ್ಸ್ .406 ಗಳಿಸಿದ ಬಳಿಕ ಯಾರೂ ದಾಟದ .400ರ ಗಡಿಯನ್ನು ದಾಟುತ್ತಿದ್ದರು. ಆ ಮೂರು ಹಿಟ್‌ಗಳನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಅವರ ಬದುಕಿನಿಂದ ನಾನು ಬೇಡವೆಂದುಕೊಂಡದ್ದೂ ಒಂದಿದೆ. ಆಟಗಾರರು ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಅದುಮಿಟ್ಟುಕೊಳ್ಳುವ ಅಭ್ಯಾಸ ಅವರಿಗೂ ಇತ್ತು. 2010ರಲ್ಲಿ ಲಾಲಾರಸ ಗ್ರಂಥಿಯ ಕ್ಯಾನ್ಸರ್ ಪತ್ತೆಯಾದಾಗ ಅದಕ್ಕೆ ಹೊಗೆಸೊಪ್ಪೇ ಕಾರಣವೆಂದು ಅವರೇ ಹೇಳಿದರು. 2014ರ ಜೂನ್ 16ರಂದು, 54ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದ ನನ್ನ ದೊಡ್ಡಪ್ಪನ ಕೊನೆಯ ವರ್ಷವನ್ನು ಹತ್ತಿರದಿಂದ ಕಂಡವನಾದ್ದರಿಂದ, ಸಹ ಆಟಗಾರರು ಡಬ್ಬಿ ಚಾಚಿದಾಗ ನಾನು ಕಾರಣ ಹೇಳಿಯೇ ನಿರಾಕರಿಸುತ್ತೇನೆ.

ಈಗ ನನಗೆ ಒಲಿಯದೆ ಉಳಿದಿರುವುದು ದೇಹಕ್ಕೆ ಹತ್ತಿರವಾಗಿ ಬರುವ ಚೆಂಡು. ಐದೂವರೆಯ ಕಿಂಡಿಯನ್ನೇ ನೆಚ್ಚಿಕೊಂಡವನೆಂದು ತಿಳಿದ ಪಿಚರ್‌ಗಳು ನನಗೆ ಒಳಗೇ ಎಸೆಯುತ್ತಾರೆ. ಸ್ಯಾನ್ ಡಿಯಾಗೊದಲ್ಲೇ ಬೆಳೆದ ಟೆಡ್ ವಿಲಿಯಮ್ಸ್, ಒಳಗೆ ಬಂದ ಚೆಂಡನ್ನು ಬಲವಾಗಿ ಎಳೆದು ಹೊಡೆಯುವಂತೆ ಗ್ವಿನ್ ಅವರನ್ನು ಒತ್ತಾಯಿಸಿದ್ದರು. ಅಷ್ಟು ಹೊತ್ತಿಗಾಗಲೇ ಹಲವು ಕಿರೀಟಗಳನ್ನು ಗೆದ್ದಿದ್ದವರು ಆ ಮಾತಿಗೆ ಕಿವಿಗೊಟ್ಟು, 1997ರಲ್ಲಿ, ತಮ್ಮ 37ನೆಯ ವಯಸ್ಸಿನಲ್ಲಿ, 17 ಹೋಮ್ ರನ್‌ಗಳನ್ನು (ಸಾಮಾನ್ಯವಾಗಿ ಬೇಲಿ ದಾಟುವ ಹೊಡೆತಗಳು) ಬಾರಿಸಿದರು, ಜೊತೆಗೆ .372ರ ಸರಾಸರಿಯನ್ನೂ ಉಳಿಸಿಕೊಂಡರು. ಆ ವರ್ಷದ ತುಣುಕುಗಳನ್ನು ನಾನು ನಿಧಾನಗತಿಯಲ್ಲಿ ನೋಡುತ್ತಿದ್ದೇನೆ. ಟೀಯನ್ನು ಪ್ಲೇಟಿನ ಮುಂದಕ್ಕೆ, ದೇಹದ ಹತ್ತಿರಕ್ಕೆ ತಂದಿಟ್ಟು, ಕೆಂಪು ದಾರದ ಚೌಕವನ್ನು ಬಲೆಯ ಬಲಬದಿಗೆ ಕಟ್ಟಿದ್ದೇನೆ. ಮೊಣಕೈ ಮೈಗೆ ಅಂಟಿಕೊಂಡೇ ಇರಬೇಕು ಎಂಬಲ್ಲಿಯವರೆಗೆ ಅರ್ಥವಾಗಿದೆ, ಆದರೆ ಐವತ್ತರಲ್ಲಿ ಹದಿನೈದು ಚೆಂಡುಗಳಷ್ಟೇ ಚೌಕದೊಳಗೆ ಹೋಗುತ್ತಿವೆ.