ಫೆರಿಯಲ್ಲಿ ಕಾರ್ಸಿಕಾಗೆ ಹೋಗೋದು ಹೇಗೆ? ಮೊದಲು ಬಂದರು, ಆಮೇಲೆ ಟಿಕೆಟ್

ಮೆಡಿಟರೇನಿಯನ್ ಸಮುದ್ರದ ಫ್ರೆಂಚ್ ದ್ವೀಪ ಕಾರ್ಸಿಕಾಗೆ ಹೊರಟೋರು ಮೊದಲು ಮಾಡೋ ತಪ್ಪು ಅಂದ್ರೆ ಅಗ್ಗದ ಫೆರಿ (ಕಾರು, ಜನ ಎರಡನ್ನೂ ಸಾಗಿಸೋ ಹಡಗು) ಹುಡುಕಿ, ಅದು ಯಾವ ಬಂದರಿಗೆ ಹೋಗುತ್ತೋ ಅಲ್ಲಿಗೇ ಟಿಕೆಟ್ ಮಾಡಿಬಿಡೋದು. ನಮ್ಮ ಸ್ನೇಹಿತರ ಮನೆಯವರು ಹೀಗೇ ಈಶಾನ್ಯದ ಬಾಸ್ಟಿಯಾದಲ್ಲಿ ಇಳಿದ್ರು, ರೂಮ್ ನೋಡಿದ್ರೆ ಪಶ್ಚಿಮದ ಪಿಯಾನಾದಲ್ಲಿ. ತಿರುವು ತಿರುವಿಗೂ ಮಕ್ಕಳು ವಾಂತಿ ಮಾಡ್ಕೊಂಡು ಕತ್ತಲಾದ್ಮೇಲೆ ಊರು ಸೇರಿದ್ರು.

ದ್ವೀಪದ ಉದ್ದ 183 ಕಿ.ಮೀ., ಅಗಲ 83 ಅಷ್ಟೇ, ಆದ್ರೆ ನಡುವೆ ಪೂರ್ತಿ ಬೆಟ್ಟ. ಅತಿ ಎತ್ತರದ ಶಿಖರ ಮೊಂಟೆ ಚಿಂಟೊ 2,706 ಮೀಟರ್ ಎತ್ತರ, ಸಮುದ್ರದಿಂದ 30 ಕಿ.ಮೀ. ಕೂಡ ದೂರ ಇಲ್ಲ. ಹಾಗಾಗಿ ಮ್ಯಾಪಲ್ಲಿ ಕಿಲೋಮೀಟರ್ ನೋಡ್ಬೇಡಿ, ಗಂಟೆ ನೋಡಿ. ಉತ್ತರದ ಕೊನೆ ಕಾಪ್ ಕೋರ್ಸ್ ಅಥವಾ ಒಳಗಿನ ಕೋರ್ಟೆ ಊರಿಗಾದ್ರೆ ಬಾಸ್ಟಿಯಾ, ಕಾಲ್ವಿ ಕಡೆಗೆ ಲೀಲ್-ರೂಸ್, ಪಿಯಾನಾದ ಕೆಂಪು ಬಂಡೆಗಳಿಗೆ ಅಜಾಕ್ಸಿಯೊ, ದಕ್ಷಿಣದ ಬೊನಿಫಾಸಿಯೊಗೆ ಪೋರ್ಟೊ-ವೆಕ್ಕಿಯೊ. ಇಟಲಿಯ ಲಿವೊರ್ನೊದಿಂದ ಬಾಸ್ಟಿಯಾಗೆ ಹಗಲು ಹಡಗಲ್ಲಿ ನಾಲ್ಕೈದು ಗಂಟೆ, ಫ್ರಾನ್ಸಿನ ಮಾರ್ಸೇಲ್, ತುಲೋನ್‌ನಿಂದ ಸಾಮಾನ್ಯವಾಗಿ ರಾತ್ರಿ ಪ್ರಯಾಣ.

ವೀಸಾ ಶೆಂಗೆನ್ನೇ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸಾಕು, ದ್ವೀಪ ಫ್ರಾನ್ಸಿಂದು. ಪಾಸ್‌ಪೋರ್ಟ್ ಒರಿಜಿನಲ್ಲೇ ಜೇಬಲ್ಲಿರಲಿ. ಬಾಡಿಗೆ ಕಾರಾದ್ರೆ ಹಡಗಿಗೆ ಹತ್ತಿಸೋಕೆ ಪರ್ಮಿಷನ್ ಇದೆಯಾ ಅಂತ ಕಾಗದದಲ್ಲೇ ಬರೆಸ್ಕೊಳ್ಳಿ, ಬಾಯಿಮಾತು ನಂಬಬೇಡಿ.

ಈಗ ಎಲ್ರೂ ಎಡವೋ ಜಾಗಕ್ಕೆ ಬರೋಣ, ಕಾರು ನಿಲ್ಲಿಸೋ ಡೆಕ್, ಅಂದ್ರೆ ಹಡಗಿನ ಅಂತಸ್ತು. ಹಡಗು ಹೊರಟ ಮೇಲೆ ಈ ಡೆಕ್ಕಿಗೆ ಬೀಗ ಹಾಕ್ತಾರೆ, ದಡ ಸೇರೋವರೆಗೂ ಕಾರಿನ ಹತ್ರ ಬಿಡಲ್ಲ. ನಾನು ಮೊದಲ ಸಲ ಅಮ್ಮನ ಬಿಪಿ ಮಾತ್ರೇನ ಡಿಕ್ಕಿಯಲ್ಲೇ ಬಿಟ್ಟು ಮೇಲೆ ಹೋದೆ, ರಾತ್ರಿಯಿಡೀ ಅವರ ಮುಖ ನೋಡ್ತಾ ಕೂತಿದ್ದೆ, ಆ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಮನೆಯಲ್ಲೇ ಒಂದು ಬೇರೆ ಬ್ಯಾಗ್ ಮಾಡಿ: ಮಾತ್ರೆ, ಚಾರ್ಜರ್, ಸ್ವೆಟರ್, ನೀರು, ಹಲ್ಲುಜ್ಜೋ ಬ್ರಷ್, ಒಂದು ಡಬ್ಬಿ ಚಪಾತಿ ಅಥವಾ ಪುಳಿಯೋಗರೆ. ಬೆನ್ನಿಗೆ ಹಾಕೋ ಬ್ಯಾಗೇ ಆಗ್ಬೇಕು, ಕಡಿದಾದ ಕಬ್ಬಿಣದ ಮೆಟ್ಟಿಲಲ್ಲಿ ಟ್ರಾಲಿ ಎಳೆಯೋಕಾಗಲ್ಲ. ಕಾರನ್ನ ಸಿಬ್ಬಂದಿ ಕೈ ತೋರಿಸಿದ ಕಡೆಗೇ, ಮುಂದಿನ ಗಾಡಿಗೆ ಒತ್ತಿ ನಿಲ್ಲಿಸಿ, ಗೇರಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೀರಿ, ಅಲಾರಂ ಆಫ್ ಮಾಡಿ, ಇಲ್ಲಾಂದ್ರೆ ಹಡಗು ಅಲುಗಾಡಿದಾಗೆಲ್ಲ ಹೊಡ್ಕೊಳುತ್ತೆ. ಪಕ್ಕದ ಕಾರಿಗೆ ಒಂದು ಗೇಣು ಜಾಗಾನೂ ಇರಲ್ಲ, ವಯಸ್ಸಾದೋರನ್ನ, ಮಕ್ಕಳನ್ನ ಒಳಗೆ ಬರೋ ಮುಂಚೆನೇ ಇಳಿಸಬಹುದಾ ಅಂತ ಸಿಬ್ಬಂದೀನ ಕೇಳಿ. ಕೊನೆಗೆ ಗೋಡೆ ಮೇಲಿರೋ ಡೆಕ್ ನಂಬರ್, ಮೆಟ್ಟಿಲ ಬಾಗಿಲಿನ ಬಣ್ಣ ಎರಡನ್ನೂ ಫೋಟೊ ತೆಗೀರಿ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಇಳಿಯುವಾಗ ನಾಲ್ಕೂ ಮೆಟ್ಟಿಲು ಒಂದೇ ಥರ ಕಾಣ್ತವೆ.

ರಾತ್ರಿ ಹಡಗಾದ್ರೆ ಕ್ಯಾಬಿನ್ನೇ ತಗೊಳ್ಳಿ. ಒರಗೋ ಸೀಟಲ್ಲಿ ದುಡ್ಡು ಉಳಿಯುತ್ತೆ, ಆದ್ರೆ ಮಾರನೇ ದಿನ ಆ ಬೆಟ್ಟದ ರಸ್ತೇಲಿ ನಿದ್ದೆ ಇಲ್ಲದೆ ಗಾಡಿ ಓಡಿಸೋದು ಅಪಾಯ. ಗಾಳಿ ತುಂಬೋ ಕುತ್ತಿಗೆ ದಿಂಬು ದಂಡ, ಮಧ್ಯರಾತ್ರಿಗೇ ಸೊರಗಿಹೋಗುತ್ತೆ. ವಾಂತಿ ಮಾತ್ರೆ ಹಡಗು ಹೊರಡೋ ಮುಂಚೆನೇ ನುಂಗಿ, ಹೊಟ್ಟೆ ತೊಳೆಸೋಕೆ ಶುರುವಾದ್ಮೇಲೆ ಅದು ಅಷ್ಟಾಗಿ ಕೆಲಸ ಮಾಡಲ್ಲ.

ದಡ ಹತ್ರ ಬಂದಾಗ ಮಾತ್ರ ದಯವಿಟ್ಟು ಮೇಲಿನ ಡೆಕ್ಕಲ್ಲಿರಿ. ಮೊದಲು ನೀಲಿ ಬೆಟ್ಟ, ಆಮೇಲೆ ಗಾಳಿ ಆ ಕಡೆಯಿಂದ ಬೀಸಿದ್ರೆ ರೋಸ್‌ಮೇರಿ, ಮರ್ಟಲ್ ಪೊದೆಗಳ ವಾಸನೆ.

ಕಾರಿಲ್ಲದೋರು ಬಾಸ್ಟಿಯಾದಿಂದ ರೈಲು ಹಿಡೀರಿ, ನಾನಂತೂ ಇದನ್ನೇ ಹೇಳೋದು. ಮೀಟರ್ ಗೇಜ್ ಪುಟ್ಟ ರೈಲು, ಕೋರ್ಟೆ, ವಿಜ್ಜಾವೊನಾ ದಾಟಿ ಅಜಾಕ್ಸಿಯೊವರೆಗೂ ಹೋಗುತ್ತೆ, ದಾರೀಲಿ ಐಫೆಲ್ ಕಂಪನಿ ಕಟ್ಟಿದ ವೆಕ್ಕಿಯೊ ಸೇತುವೆ, ಆಮೇಲೆ ಹತ್ತಿರ ಹತ್ತಿರ 4 ಕಿ.ಮೀ. ಸುರಂಗ. ಕಾರಿರೋರು ಬೆಟ್ಟ ಹತ್ತೋ ಮುಂಚೆ ಟ್ಯಾಂಕ್ ತುಂಬಿಸಿ, ಹಿಂದೆ ಸ್ಥಳೀಯರ ಗಾಡಿ ಬಂದ್ರೆ ಬದಿಗೆ ನಿಲ್ಲಿಸಿ ದಾರಿ ಬಿಡಿ. ರಸ್ತೇಲಿ ಅಡ್ಡ ಬರೋ ಹಂದಿಗಳಿಗೆ ಬಿಸ್ಕತ್ ಹಾಕ್ಬೇಡಿ, ರುಚಿ ಹತ್ತಿದ್ರೆ ಮುಂದೆ ಬರೋ ಗಾಡಿಗೆಲ್ಲ ಅಡ್ಡ ನಿಲ್ತವೆ.