ತುರ್ತು ಟಿಲ್ಲರ್ ಈಗ ಒಂದೇ ಕೈಗೆ ಸಿಗುತ್ತದೆ

ವೀಲ್ ಕೆಟ್ಟಾಗ ಚುಕ್ಕಾಣಿ ತಿರುಗಿಸಲು ಹಾಕುವ ಹಿಡಿಕೋಲೇ ತುರ್ತು ಟಿಲ್ಲರ್. ಸಾಮಾನು ತುಂಬಿದ ಲಾಕರ್ ಖಾಲಿ ಮಾಡದೆ ಅದನ್ನು ತೆಗೆಯಲಾಗದು ಎಂದವರೇ ಹೆಚ್ಚು. ಗೋವಾದಲ್ಲಿರುವ ನಮ್ಮ 36 ಅಡಿ ಹಾಯಿದೋಣಿಯಲ್ಲಿ ಈಗ ವೀಲ್ ಕೈಕೊಟ್ಟ ಗಳಿಗೆಯಿಂದ ಟಿಲ್ಲರ್ ಚುಕ್ಕಾಣಿಯ ಕಂಬವಾದ ಸ್ಟಾಕ್ ಮೇಲೆ ಕೂರುವವರೆಗೆ ಹೆಚ್ಚುಕಡಿಮೆ 90 ಸೆಕೆಂಡು, ಅದೂ ಕತ್ತಲಲ್ಲಿ. ಮೊದಲು ಹತ್ತು ನಿಮಿಷ ದಾಟುತ್ತಿತ್ತು.

ಮೊದಲ ಸಲ ಲಾಕರ್ ಮುಚ್ಚಳದ ಒಳಮೈಗೆ ಪ್ಲಾಸ್ಟಿಕ್ ಕ್ಲಿಪ್ ಹಾಕಿ ತೂಗಿಸಿದೆ. ಐದು ಕಿಲೋ ಭಾರ. ಮುಚ್ಚಳ ಬಡಿದಾಗ ಎರಡು ಕ್ಲಿಪ್ ಮುರಿದವು. ಆಮೇಲೆ ಚುಕ್ಕಾಣಿಗನ ಸೀಟಿನಡಿಗೆ ತಂದೆ. ಜಾಗ ಸರಿಯಾಗಿತ್ತು, ಆದರೆ ಟಿಲ್ಲರಿನ ಕಬ್ಬಿಣದ ಪೈಪು ಆಟೋಪೈಲಟ್‌ನ ಫ್ಲಕ್ಸ್‌ಗೇಟ್ ದಿಕ್ಸೂಚಿಯ ಪಕ್ಕಕ್ಕೇ ಬಂದು ದಿಕ್ಕು ಹತ್ತು ಡಿಗ್ರಿಯಷ್ಟು ತಪ್ಪಿತು. ಹಾಗಾಗಿ ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟದ 316 ಸ್ಟೇನ್‌ಲೆಸ್‌ ಉಕ್ಕಿನಲ್ಲಿ ಹೊಸದು ಮಾಡಿಸಿದೆ. ಬೆಸುಗೆಯ ಕಾವಿಗೆ ಚೌಕ ಸಾಕೆಟ್ ಸೊಟ್ಟಗಾಗಿ ಮೊದಲನೆಯದು ಸ್ಟಾಕ್ ತಲೆಗೆ ಇಳಿಯಲೇ ಇಲ್ಲ, ಎರಡೂವರೆ ಸಾವಿರ ದಂಡ. ಎರಡನೆಯದನ್ನು ಅರ್ಧ ಮಿಲಿಮೀಟರ್ ಸಡಿಲ ಬಿಟ್ಟು, ಬೆಸೆದ ಮೇಲೆ ಅರ ಹಾಕಿ ಕೂರಿಸಿದೆವು. ಒಟ್ಟು ಏಳು ಸಾವಿರದ ಆಸುಪಾಸು.

ಈಗ ಸೀಟಿನಡಿ ಅದಕ್ಕೆ 18 ಮಿಲಿಮೀಟರ್ ಮರೀನ್ ಪ್ಲೈವುಡ್‌ನ ಎರಡು ಅರ್ಧಚಂದ್ರ ಆಧಾರ, ಒಳಗೆ ರಬ್ಬರ್ ಪಟ್ಟಿ, ಆಚೆವರೆಗೂ ಹಾಯ್ದ ಎಂ6 ಬೋಲ್ಟ್. ಸ್ಕ್ರೂ ಸಾಲದು, ಅಲುಗಾಟಕ್ಕೆ ಕಿತ್ತುಬರುತ್ತದೆ. ಮೇಲೆ ಎಲಾಸ್ಟಿಕ್ ಹಗ್ಗ, ತುದಿಗೆ ಮರದ ಗುಬುಟು. ಸ್ಟಾಕ್ ತಲೆ ಮುಚ್ಚುವ ಡೆಕ್ ಪ್ಲೇಟಿನ ಕೀಲಿ ಟಿಲ್ಲರಿಗೇ ಕಟ್ಟಿದೆ. ಬೇರೆಲ್ಲೋ ಇಟ್ಟ ಕೀಲಿ ಇಲ್ಲದ ಲೆಕ್ಕ. ವೀಲ್ ತೆಗೆಯದೆ ನಮ್ಮ ಟಿಲ್ಲರ್ ಆಡುವುದಿಲ್ಲ, ಹಾಗಾಗಿ ಅದರ ನಟ್ಟಿನ ಸ್ಪ್ಯಾನರೂ ಅಲ್ಲೇ. ಸ್ಟಿಯರಿಂಗ್ ತಂತಿ ಹರಿದರೆ ಇಷ್ಟು ಸಾಕು. ಸಿಕ್ಕಿಕೊಂಡರೆ ಮೊದಲು ಅದನ್ನು ಸ್ಟಾಕಿಗೆ ಬಿಗಿದ ಕಮಾನು ಚಕ್ರವಾದ ಕ್ವಾಡ್ರಂಟ್‌ನಿಂದ ಬಿಚ್ಚಬೇಕು, ಅದಕ್ಕೆ ಇನ್ನೆರಡು ಸ್ಪ್ಯಾನರ್.

ಮಳೆಗಾಲದ ನಾಲ್ಕು ತಿಂಗಳು ದಡದಲ್ಲಿದ್ದರೆ ಡೆಕ್ ಪ್ಲೇಟ್ ಉಪ್ಪು ಹಿಡಿದು ಕಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಸಿಹಿನೀರಲ್ಲಿ ತೊಳೆದು ಗ್ರೀಸ್ ಹಚ್ಚುತ್ತೇನೆ. ಗ್ರೀಸಿಗೆ ಏನು ಬೆರೆಸುತ್ತೇನೆಂಬುದು ನನ್ನಲ್ಲೇ ಇರಲಿ.

70 ಸೆಂಟಿಮೀಟರ್ ಟಿಲ್ಲರನ್ನು 15 ನಾಟ್ ಗಾಳಿಯಲ್ಲಿ ಬರಿಗೈಲಿ ಬಹಳ ಹೊತ್ತು ಹಿಡಿಯಲಾಗದು. ಎರಡೂ ಬದಿಗೆ 8 ಮಿಲಿಮೀಟರ್ ಹಗ್ಗ ಕಟ್ಟಿ, ಬ್ಲಾಕ್ (ರಾಟೆ) ದಾಟಿಸಿ ಹಗ್ಗ ಎಳೆಯುವ ವಿಂಚಿಗೆ ಸುತ್ತಿದರೆ ಒಬ್ಬರೇ ನಡೆಸಬಹುದು.

ಚುಕ್ಕಾಣಿಯೇ ಹೋದರೆ ಇದಾವುದೂ ಉಪಯೋಗಕ್ಕೆ ಬಾರದು. 2020ರಿಂದ ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ ಓರ್ಕಾಗಳು (ಕೊಲೆಗಾರ ತಿಮಿಂಗಿಲಗಳು) ಮುರಿಯುತ್ತಿರುವುದು ಅದನ್ನೇ. ಅದಕ್ಕೆಂದು ಡ್ರೋಗ್, ಅಂದರೆ ದೋಣಿಯ ಹಿಂದೆ ನೀರಲ್ಲಿ ಎಳೆಯುವ ತಡೆ, ಎಳೆದು ನೋಡಿದೆ. ಹಿಂಬದಿಯ ಕ್ಲೀಟಿಗೆ (ಹಗ್ಗ ಕಟ್ಟುವ ಕೊಂಬು) ಕಟ್ಟಿದಾಗ ದೋಣಿ ತಿರುಗಲೇ ಇಲ್ಲ. ಎರಡು ಹಗ್ಗ ಮಾಡಿ, ನಡುಭಾಗದ ಬ್ಲಾಕ್‌ಗಳಿಂದ ವಿಂಚಿಗೆ ತಂದಾಗ ಮಾತು ಕೇಳಿತು. ವೇಗ ಮಾತ್ರ ಆರರಿಂದ ನಾಲ್ಕು ನಾಟಿಗೆ ಇಳಿಯಿತು. ಅದರ ಚೀಲಕ್ಕೂ ಸೀಟಿನಡಿ ಜಾಗ ಮಾಡಿದ್ದೇನೆ. ಹಗ್ಗದ ಉದ್ದ ಇನ್ನೂ ಪೂರ್ತಿ ಒಗ್ಗಿಲ್ಲ.